ಎರಡು ಮುಳ್ಳಿನ ರೇಟು

ಕಲಬುರಗಿ, 12 ಮೇ 2024, ಭಾನುವಾರ ರಾತ್ರಿ

ಗಡಿಯಾರ ಮನೆಗೆ ಬಂತು. ಒಮೇಗಾ ಸ್ಪೀಡ್‌ಮಾಸ್ಟರ್, ಎಪ್ಪತ್ತರ ದಶಕದ್ದು, ಕೀಲಿ ಕೊಡುವ 861 ಮಷೀನು. ಅಪ್ಪನ ಆಪರೇಷನ್ ಆದ ವರ್ಷ ಮಿಲ್ಲಿನ ಸಾವಕಾರರಿಗೆ ಮಾರಿದ್ದೆನಲ್ಲ, ಅದೇ. ಮಾರಿದ್ದಕ್ಕೆ ನನಗೆ ಯಾವತ್ತೂ ಬೇಸರ ಇಲ್ಲ. ಅಪ್ಪ ಇವತ್ತೂ ಎರಡು ರೊಟ್ಟಿ ತಿಂದು, ಪಲ್ಯಕ್ಕೆ ಉಪ್ಪಿಲ್ಲ ಅಂತ ಜಗಳ ತೆಗೆದರು. ಅಷ್ಟು ಸಾಕು. ನನ್ನ ಸಿಟ್ಟು ಬೇರೆಯದು.

ಸಾವಕಾರರು ಶುಕ್ರವಾರ ಫೋನ್ ಮಾಡಿ, "ಬೇಕಂದ್ರ ಬರ್ರಿ, ಇಲ್ಲಾಂದ್ರ ಹೈದರಾಬಾದಿನವ ಕಾಯಾಕತ್ಯಾನ" ಅಂದಿದ್ದರು. ಹೈದರಾಬಾದಿನವ ಇದ್ದಾನೋ ಇಲ್ಲವೋ ಆ ಶರಣಬಸಪ್ಪನಿಗೇ ಗೊತ್ತು. ಬಿಸಿಲಲ್ಲಿ ಮಿಲ್ಲಿಗೆ ಹೋದೆ. ತೊಗರಿ ಧೂಳು, ಕೂಲರ್ ಸದ್ದು, ಸಣ್ಣ ಲೋಟದಲ್ಲಿ ಚಹಾ. ಸಾವಕಾರರು ಡ್ರಾವರಿನಿಂದ ಗಡಿಯಾರ ತೆಗೆದರು. ಬೆರಳಲ್ಲಿ ಮತದಾನದ ಶಾಯಿ ಇನ್ನೂ ಇತ್ತು.

"ನೋಡ್ರಿ, ಹೊಸಾದರ ಹಂಗ ಮಾಡ್ಸೀನಿ."

ಎದೆ ಧಸಕ್ ಅಂತು. ಮಾರುವ ದಿನವೇ ಹೇಳಿದ್ದೆ. ಸರ್ವಿಸ್ ಮಾಡಿಸಿ, ಆದರೆ ಪಾಲಿಶ್ ಬೇಡ, ಡಯಲ್ ಮುಟ್ಟಬೇಡಿ, ಮುಳ್ಳು ಬದಲಿಸಬೇಡಿ. ಸ್ಪೀಡ್‌ಮಾಸ್ಟರಿನ ಲಗ್ ಇದೆಯಲ್ಲ, ಪಟ್ಟಿ ಸಿಕ್ಕಿಸುವ ಜಾಗ, ಅದು ಸ್ವಲ್ಪ ತಿರುಚಿಕೊಂಡು ಇಳಿಯುತ್ತದೆ. ಒರಟು ಮೈ ಮತ್ತು ಹೊಳಪು ಮೈ ಸೇರುವ ಕಡೆ ಒಂದು ಚೂಪು ಗೆರೆ ಇರಬೇಕು. ಅಂದವೆಲ್ಲ ಅದರಲ್ಲೇ. ಈಗ ಆ ಗೆರೆ ನುಣ್ಣಗಾಗಿದೆ. ಉಗುರು ಆಡಿಸಿದರೆ ಎಲ್ಲೂ ತಡೆಯುವುದಿಲ್ಲ.

ಡಯಲ್ ಉಳಿದಿದೆ. ಅದೂ ಯಾಕೆ ಗೊತ್ತಾ? "ಡಯಲಿಗಿ ಬ್ಯಾರೆ ರೊಕ್ಕ ಕೇಳಿದ್ರು, ಬಿಟ್ಬಿಟ್ಟೆ." ಸಾವಕಾರರ ಜಿಪುಣತನ ಚಿರಾಯುವಾಗಲಿ.

ಮುಳ್ಳು ಮಾತ್ರ ಹೋಗಿವೆ. ಆಗಿನ ಡಯಲಿನಲ್ಲಿ, ಮುಳ್ಳಿನಲ್ಲಿ ಟ್ರಿಟಿಯಂ ಬಳಿಯುತ್ತಿದ್ದರು, ಕತ್ತಲಲ್ಲಿ ಹೊಳೆಯಲಿ ಅಂತ. ಹನ್ನೆರಡು ವರ್ಷ ಚಿಲ್ಲರೆಗೆ ಅದರ ಶಕ್ತಿ ಅರ್ಧ ಆಗುತ್ತದೆ, ಮತ್ತೆ ಹನ್ನೆರಡಕ್ಕೆ ಅದರರ್ಧ. ಐವತ್ತು ವರ್ಷಕ್ಕೆ ಹೊಳಪು ಸತ್ತಿದೆ, ಬಣ್ಣ ಬೆಣ್ಣೆಯಂತಾಗಿದೆ. ಸಂಗ್ರಹದ ಹುಚ್ಚು ಇರುವವರು ಸಾಯುವುದೇ ಆ ಬಣ್ಣಕ್ಕೆ. ಈಗ ಡಯಲಿನ ಗುರುತೆಲ್ಲ ಬೆಣ್ಣೆ ಬಣ್ಣ, ಮೇಲೆ ಎರಡು ಬಿಳಿ ಮುಳ್ಳು. ಸಂಜೆ ಕರೆಂಟ್ ಹೋದಾಗ ನೋಡಿದೆ, ಗಂಟೆಯದು ಮತ್ತು ನಿಮಿಷದ್ದು ಎರಡೇ ಹಸಿರಾಗಿ ಉರಿಯುತ್ತಿದ್ದವು, ಸುತ್ತ ಒಂದು ಗುರುತೂ ಕಾಣಲಿಲ್ಲ. ಟೈಮ್ ಎಷ್ಟು ಅಂತ ಅಂದಾಜಿನ ಮೇಲೆ ಹೇಳಬೇಕು.

ರೇಟಿನ ಮಾತು. ನಾನು ಮಾರಿದ್ದು ಒಂದೂಮುಕ್ಕಾಲು ಲಕ್ಷಕ್ಕೆ, ಅವರು ಕೇಳಿದ್ದು ನಾಲ್ಕು. 2022ರ ಶುರುವಿನಲ್ಲಿ ಹಳೇ ಗಡಿಯಾರಗಳ ರೇಟು ಆಕಾಶ ಮುಟ್ಟಿತ್ತು, ಆಮೇಲೆ ಇಳಿದಿದೆ ಅಂದೆ. "ತೊಗರಿ ಇಳದಾಗ ಚೀಲ ಬಿಚ್ಚಾವ ನಾ ಅಲ್ರಿ" ಅಂದರು. ಇಲ್ಲಿ ಸಿಕ್ಕಿಬಿದ್ದೆ. ಬೇರೆಯವರ ಹತ್ತಿರ ಆಗಿದ್ದರೆ, ಏ ಬೇಡ ಬಿಡಿ ಅಂತ ಎದ್ದು ಬಾಗಿಲ ತನಕ ಬರಬಹುದು. ಇದು ನಂದೇ ಅಂತ ಗೊತ್ತಿರುವವರ ಮುಂದೆ ಆ ನಾಟಕ ನಡೆಯುತ್ತಾ? ನಾನು ಎದ್ದರೆ ಅವರು ಇನ್ನೊಂದು ಚಹಾ ಹೇಳುತ್ತಾರೆ ಅಷ್ಟೇ. ಮೂರು ತೊಂಬತ್ತಕ್ಕೆ ಮುಗಿಸಿದೆ.

ಆಮೇಲೆ ಕೇಳಿದೆ, ಹಳೇ ಮುಳ್ಳು ಏನು ಮಾಡಿದ್ರಿ?

ಅದೇ ಡ್ರಾವರಿನಿಂದ ಒಂದು ಸಣ್ಣ ಪ್ಲಾಸ್ಟಿಕ್ ಚೀಟು ಬಂತು. ಒಳಗೆ ಎರಡೂ ಇದ್ದವು, ಅದೇ ಬಣ್ಣ! ಕೈ ಚಾಚಿದೆ. ಸಾವಕಾರರು ಚೀಟನ್ನು ಮುಷ್ಟಿಯಲ್ಲಿ ಇಟ್ಟುಕೊಂಡರು.

"ಇದು ಬ್ಯಾರೆ ಮಾಲು ಅಲ್ರಿ?"

ಹದಿನೈದು ಸಾವಿರವಂತೆ. ಅದೇ ಗಡಿಯಾರದಿಂದ ಬಿಚ್ಚಿದ್ದಲ್ವಾ ಅಂದೆ. "ಬಿಚ್ಚಿದ್ದಕ್ಕ ಬ್ಯಾರೆ ಆತು." ಐದು ಕೊಡ್ತೀನಿ ಅಂದೆ. ನಕ್ಕು ಚೀಟನ್ನು ಡ್ರಾವರಿಗೆ ಹಾಕಿ ಕೀಲಿ ಹಾಕಿದರು. ಹಣದ ಪ್ರಶ್ನೆ ಅಲ್ಲ ಅಂತ ಬರೆಯೋಣ ಅಂದುಕೊಂಡೆ. ಸುಳ್ಳು, ಹಣದ್ದೇ ಪ್ರಶ್ನೆ.

ಮನೆಯಲ್ಲಿ ಹೆಂಡತಿ ಗಡಿಯಾರ ತಿರುಗಿಸಿ ಹಿಂದಿನ ಇಂಗ್ಲಿಷ್ ಬರಹ ಓದಿದಳು. ಚಂದ್ರನ ಮೇಲೆ ಕಟ್ಟಿಕೊಂಡ ಮೊದಲ ಗಡಿಯಾರ ಅಂತ ಇದೆ. "ಇದೇನಾ ಹೋಗಿದ್ದು?" ಇದಲ್ಲ, ಇದರ ಅಣ್ಣ ಅಂದೆ, 321 ಮಷೀನಿನದು. 1969ರಲ್ಲಿ ಆಲ್ಡ್ರಿನ್ ಕಟ್ಟಿಕೊಂಡು ಇಳಿದಿದ್ದು. ಆರ್ಮ್‌ಸ್ಟ್ರಾಂಗ್ ತನ್ನದನ್ನು ನೌಕೆಯಲ್ಲೇ ಬಿಟ್ಟಿದ್ದ, ನೌಕೆಯ ಟೈಮರ್ ಕೆಟ್ಟಿತ್ತು ಅಂತ. ಆಲ್ಡ್ರಿನ್‌ನದು ಆಮೇಲೆ ಸ್ಮಿತ್ಸೋನಿಯನ್ ಮ್ಯೂಸಿಯಂಗೆ ಕಳಿಸುವಾಗ ದಾರಿಯಲ್ಲೇ ಕಳೆದುಹೋಯಿತು. ಚಂದ್ರನಿಂದ ಬಂದಿದ್ದು ಪಾರ್ಸೆಲಿನಲ್ಲಿ ಹೋಯಿತು ನೋಡಿ. ಯಾರ ಡ್ರಾವರಿನಲ್ಲಿ ಇದೆಯೋ.

"ಇದೇ ಬೇಕಿತ್ತಾ? ಇಂಥದ್ದು ಬೇರೆ ಸಿಗ್ತಿರಲಿಲ್ವಾ?"

ಸಿಗುತ್ತಿತ್ತು. ಇದಕ್ಕಿಂತ ಚೆನ್ನಾಗಿರುವುದೇ, ಪಾಲಿಶ್ ಆಗದ್ದೇ. ನಾನು ಹಳೇ ನೋಟ್‌ಬುಕ್ ತಂದು ಮಷೀನಿನ ನಂಬರ್ ತೋರಿಸಿದೆ, ಪೂರ್ತಿ ಕೂಡುತ್ತದೆ ನೋಡು ಅಂತ. ಅವಳು ನೋಡಿದಳು, ಹ್ಞೂಂ ಅಂದಳು, ಟ್ಯಾಂಕ್ ತುಂಬಿತು ಮೋಟರ್ ಆಫ್ ಮಾಡು ಅಂದಳು.

ನಾಳೆ ಎಂಟು ಸಾವಿರ ಅಂತ ಹೇಳಿ ನೋಡಬೇಕು. ಆದರೆ ತಂದರೂ ಕೂರಿಸುವವರು ಯಾರು? ಹಳೇ ಟ್ರಿಟಿಯಂ ಒಣಗಿ ಪೊಳ್ಳಾಗಿರುತ್ತದೆ, ಒತ್ತುವಾಗ ಪುಡಿಯಾಗಿ ಡಯಲ್ ಮೇಲೇ ಉದುರಿದರೆ ಎರಡೂ ಹೋಯಿತು. ಸ್ಟೇಷನ್ ರೋಡಿನ ಚಾಚಾ ಕೂರಿಸುತ್ತಿದ್ದರು, ಈಗ ಅವರ ಕಣ್ಣಿನ ಆಪರೇಷನ್ ಆಗಿದೆ, ಮಗ ಬರೀ ಬ್ಯಾಟರಿ ಹಾಕುತ್ತಾನೆ. ಹೈದರಾಬಾದಿಗೆ ಹೋದರೆ ಆ "ಕಾಯುತ್ತಿರುವ" ಗಿರಾಕಿಯೂ ಸಿಕ್ಕರೂ ಸಿಗಬಹುದು. ಎಂಟಕ್ಕೆ ಒಪ್ಪದಿದ್ದರೆ ಹತ್ತು, ಹತ್ತರ ಮೇಲೆ ಒಂದು ರೂಪಾಯಿಯೂ ಇಲ್ಲ.