ಒಂದು ಯೂನಿಟ್ ಜಲ್ಲಿ

ಟಿಪ್ಪರ್‌ನವನು ಕೆಳಗಿನ ತಿರುವಿನಲ್ಲೇ ಜಲ್ಲಿ ಸುರಿದು ಹೋದ. "ಈ ಏರು ನನ್ನ ಗಾಡಿ ಹತ್ತಲ್ಲ ಅಣ್ಣಾ" ಅಂದ. ಅವನದ್ದೂ ಸರಿಯೇ. ಕೊಪ್ಪದ ಕಡೆ ಒಂಟಿ ಮನೆಗಳ ದಾರಿ ನೋಡಿದವರಿಗೆ ಗೊತ್ತು. ಒಂದು ಯೂನಿಟ್ ಅಂದ್ರೆ 100 ಘನ ಅಡಿ, ಹೆಚ್ಚುಕಡಿಮೆ 4 ಟನ್. ಈ ಏರಿಗೆ ನಮ್ಮ ಹಳೇ ಪಿಕಪ್‌ಗೆ ಮುಕ್ಕಾಲು ಟನ್ನೇ ಜಾಸ್ತಿ. ಅಲ್ಲಿಗೆ ಆರು ಟ್ರಿಪ್.

ಮೊದಲ ಸಲ ಜಲ್ಲಿಯನ್ನೆಲ್ಲ ಹಿಂದಿನ ಬಾಗಿಲ ಹತ್ತಿರವೇ ತುಂಬಿದ್ದೆವು. ಏರಿನ ನಡುವೆ ಮುಂದಿನ ಚಕ್ರ ಹಗುರಾಗಿ ಸ್ಟೇರಿಂಗ್ ಮಾತೇ ಕೇಳಲಿಲ್ಲ. ಎದೆ ಧಸಕ್ಕೆಂದಿತು. ಆಮೇಲೆ ಕ್ಯಾಬಿನ್‌ಗೆ ಒತ್ತಿ ತುಂಬಿದೆವು. ಫಸ್ಟ್ ಗೇರ್, ನಡುವೆ ನಿಲ್ಲಿಸೋ ಹಾಗೇ ಇಲ್ಲ. ನಿಂತರೆ ಕ್ಲಚ್ ಸುಟ್ಟ ವಾಸನೆ ಗ್ಯಾರಂಟಿ.

ತಮಾಷೆ ಅಂದ್ರೆ, ಖಾಲಿ ಗಾಡಿ ಇದೇ ಏರಲ್ಲಿ ಹಿಂದಿನ ಚಕ್ರ ಜಾರಿ ಒದ್ದಾಡುತ್ತದೆ. ಹಿಂದೆ ಭಾರ ಇದ್ದಾಗಲೇ ಅದಕ್ಕೆ ಹಿಡಿತ ಸಿಗೋದು, ಅಲ್ವಾ? ಅಪ್ಪನ ಕಾಲದಲ್ಲಿ ಇದೇ ದಾರಿಯಲ್ಲಿ ಬುಟ್ಟಿಯಲ್ಲಿ ತಲೆ ಮೇಲೆ ಹೊರುತ್ತಿದ್ದರಂತೆ. ಆಗ ಎಷ್ಟು ಟ್ರಿಪ್ ಆಗುತ್ತಿತ್ತೋ ಅಂತ ಲೆಕ್ಕ ಹಾಕಲು ಹೋಗಿ ಸುಮ್ನೆ ಬಿಟ್ಟೆ.

ಐದು ಮುಗಿಯಿತು. ಆರನೆಯದು ನಾಳೆಗೆ. ಮೋಡ ಕಟ್ಟಿದೆ, ಮಣ್ಣು ಒದ್ದೆಯಾದರೆ ಈ ಏರಿನ ಜೊತೆ ನನಗೆ ಜಗಳ ಬೇಡ.