ಯೆಜ್ಡಿ 250: ಬಿಸಿಯಾದ ಮೇಲೆ ಕೈಕೊಡುವ ಕರೆಂಟು

ಗಾಡಿ 1980ರ ದಶಕದ ಬೈಕು. 6 ವೋಲ್ಟ್ ಡೈನಮೋ, ಬ್ಯಾಟರಿ, ಸಿಬಿ ಪಾಯಿಂಟ್ (ಎಂಜಿನ್ ತಿರುಗಿದಂತೆ ಕೂಡಿ, ಬಿಟ್ಟು ಕಿಡಿ ಹುಟ್ಟಿಸುವ ಸ್ವಿಚ್ಚು). ತಣ್ಣಗಿದ್ದಾಗ ಒಂದೇ ಕಿಕ್. ತುಮಕೂರಿನಿಂದ ಹೊರಟು ನಾಮದ ಚಿಲುಮೆ ದಾಟಿ ದೇವರಾಯನದುರ್ಗದ ಏರು ಸಿಕ್ಕಿತೋ ಮಿಸ್ಸಿಂಗ್ (ಎಂಜಿನ್ ನಡುನಡುವೆ ಉರಿ ತಪ್ಪುವುದು) ಶುರು, ಮೂರ್ನಾಲ್ಕು ತಿರುವು ಕಳೆಯುವಷ್ಟರಲ್ಲಿ ಆಫ್. ಇಪ್ಪತ್ತು ನಿಮಿಷ ಆರಲು ಬಿಟ್ಟರೆ ಮತ್ತೆ ಒಂದೇ ಕಿಕ್.

ಮೊದಲ ಭಾನುವಾರ

ಇಂಥ ರೋಗವನ್ನು ಗಾಡಿ ನಿಂತಲ್ಲೇ ನೋಡಬೇಕು. ಶೆಡ್ಡಿಗೆ ತಳ್ಳಿಕೊಂಡು ಬಂದರೆ ಎಂಜಿನ್ ಆರಿರುತ್ತದೆ, ರೋಗವೂ ಇರುವುದಿಲ್ಲ. ಏರಿನಲ್ಲೇ ಸ್ಪಾರ್ಕ್ ಪ್ಲಗ್ ಬಿಚ್ಚಿದರೆ ಒದ್ದೆ. ಪೆಟ್ರೋಲ್ ಬರುತ್ತಿದೆ, ಉರಿಯುತ್ತಿಲ್ಲ. ಒಣಗಿದ್ದಿದ್ದರೆ ಕಾರ್ಬುರೇಟರ್ ಮತ್ತು ಟ್ಯಾಂಕ್ ಮುಚ್ಚಳದ ಗಾಳಿತೂತಿನ ಕಡೆ ಹೋಗಬೇಕಿತ್ತು.

ಪೆಟ್ರೋಲ್ ಕಾಕ್ ಮುಚ್ಚಿ, 0.6 ಮಿಮೀ ಗ್ಯಾಪ್ ಇಟ್ಟ ಹೊಸ ಪ್ಲಗ್ಗನ್ನು ಹೆಡ್ಡಿಗೆ ತಾಗಿಸಿ ಕಿಕ್ ಹೊಡೆದರೆ ಕಿಡಿ ಸಣ್ಣದು, ಕೆಂಪು. ಪ್ಲಗ್ ತೂತಿನಿಂದ ದೂರ ಹಿಡಿಯಿರಿ, ಅಲ್ಲಿಂದ ಬರುವ ಆವಿಗೆ ಬೆಂಕಿ ಹತ್ತುತ್ತದೆ. ಕ್ಯಾಪ್ ತೆಗೆದು ಬರೀ ವೈರಿನ ತುದಿಯನ್ನು ಹೆಡ್ಡಿನಿಂದ 5 ಮಿಮೀ ದೂರ ಹಿಡಿದರೂ ಅದೇ ಕೆಂಪು. ಕ್ಯಾಪಿನ ತಪ್ಪಿಲ್ಲ.

ಎರಡನೇ ಭಾನುವಾರ

ಎಲ್ಲರೂ ಮೊದಲು ಕಾಯಿಲ್ (ಬ್ಯಾಟರಿಯ ವೋಲ್ಟನ್ನು ಕಿಡಿ ಹಾರುವಷ್ಟು ಏರಿಸುವ ಸುರುಳಿ) ಬದಲಾಯಿಸುತ್ತಾರೆ. ಅಳೆಯದೆ ದುಡ್ಡು ಸುರಿಯುವ ಕೆಲಸ ಅದು. ಪಾಯಿಂಟ್ ಕೂಡಿರುವಾಗ, ಇಗ್ನಿಷನ್ ಆನ್ ಮಾಡಿ ಅಳೆದದ್ದು: ಬ್ಯಾಟರಿಯಲ್ಲಿ 6.2 ವೋಲ್ಟ್, ಕಾಯಿಲಿನ ಪ್ಲಸ್ಸಿನಲ್ಲಿ 4.7. ಒಂದೂವರೆ ವೋಲ್ಟ್ ದಾರಿಯಲ್ಲೇ ಸೋರಿಹೋಗಿದೆ. 12 ವೋಲ್ಟಿನ ಗಾಡಿ ಇಷ್ಟನ್ನು ಹೇಗೋ ತಡೆದುಕೊಂಡೀತು, 6 ವೋಲ್ಟಿನಲ್ಲಿ ಇದು ಕಾಲು ಭಾಗ. ಪಾಯಿಂಟ್ ಬಿಡಿಸಿಟ್ಟು ಅಳೆದರೆ ಏನೂ ಕಾಣುವುದಿಲ್ಲ. ಕರೆಂಟ್ ಹರಿಯದಿದ್ದರೆ ಡ್ರಾಪ್ ಎಲ್ಲಿಂದ ಬರಬೇಕು?

ಕೀ ಸ್ವಿಚ್ಚಿನ ಹಿತ್ತಾಳೆ ಕಾಂಟ್ಯಾಕ್ಟ್, ಫ್ಯೂಸ್ ಹಿಡಿ, ಬಣ್ಣದ ಮೇಲೆ ಕೂತಿದ್ದ ಅರ್ತ್ ವೈರು, ಮೂರನ್ನೂ ಉಜ್ಜಿ ಬಿಗಿ ಮಾಡಿದ ಮೇಲೆ 5.9. ಕಾಯಿಲಿನ ಪ್ರೈಮರಿ, ಅಂದರೆ ಬ್ಯಾಟರಿ ಕಡೆಯ ಸುತ್ತು, 1.7 ಓಮ್ (ಮೀಟರ್ ವೈರಿನ 0.3 ಕಳೆದು), ಸೆಕೆಂಡರಿ, ಅಂದರೆ ಪ್ಲಗ್ ಕಡೆಯ ಸುತ್ತು, 6 ಕಿಲೋಓಮ್ ಚಿಲ್ಲರೆ. ಕಾಯಿಲ್ ಸರಿಯಿದೆ. ತಣ್ಣಗಿರುವಾಗ ಕಿಡಿ ದಪ್ಪ, ನೀಲಿ. ಏರಿನಲ್ಲಿ ಮತ್ತೆ ಆಫ್.

ಮೂರನೇ ಭಾನುವಾರ

ಬಲಗಡೆಯ ಕವರ್ ತೆಗೆದು, ಬಿಸಿ ಎಂಜಿನ್ನಿನಲ್ಲಿ ಪಾಯಿಂಟನ್ನು ಸ್ಕ್ರೂಡ್ರೈವರಿನಿಂದ ಬಿಡಿಸಿ ನೋಡಿದರೆ ಬಾಯಲ್ಲಿ ಬಿಳಿ ಬೆಂಕಿ, ವೆಲ್ಡಿಂಗ್ ಮಾಡಿದ ಹಾಗೆ. ತಣ್ಣಗಿರುವಾಗ ಇದು ಕಂಡೂ ಕಾಣದಷ್ಟು. ಅನುಮಾನ ನೇರ ಕಂಡೆನ್ಸರ್ ಮೇಲೆ, ಪಾಯಿಂಟ್ ಬಿಡುವಾಗ ಬಾಯಲ್ಲಿ ಬೆಂಕಿ ಏಳದಂತೆ ತಡೆಯುವ ಕೆಪ್ಯಾಸಿಟರ್ ಅದು.

ಆದರೆ ಮೀಟರಿನಲ್ಲಿ ಅದು ಸಾಧು: ತಣ್ಣಗೆ 0.21 ಮೈಕ್ರೋಫ್ಯಾರಡ್, ಕೂದಲೊಣಗಿಸುವ ಡ್ರೈಯರಿನಲ್ಲಿ ಕೈಸುಡುವಷ್ಟು ಕಾಯಿಸಿದರೂ 0.2. ಮೋಸ ಇರುವುದು ಇಲ್ಲೇ. ಮೀಟರ್ ಅಳೆಯುವುದು ಕೆಲವೇ ವೋಲ್ಟಿನಲ್ಲಿ. ಪಾಯಿಂಟ್ ಬಿಡುವ ಗಳಿಗೆಯಲ್ಲಿ ಅದರ ಮೇಲೆ ಬೀಳುವುದು 200–300 ವೋಲ್ಟ್. ವಯಸ್ಸಾದ ಕಾಗದದ ಕಂಡೆನ್ಸರ್ ಬಿಸಿಯಲ್ಲಿ ಆ ಏಟಿಗೆ ಒಳಗೊಳಗೇ ಸೋರುತ್ತದೆ. ಪ್ರೈಮರಿ ಕರೆಂಟ್ ಥಟ್ಟನೆ ಕಡಿಯುವ ಬದಲು ಎಳೆದಾಡುತ್ತದೆ, ಸೆಕೆಂಡರಿಯಲ್ಲಿ ವೋಲ್ಟೇಜ್ ಏಳುವುದೇ ಇಲ್ಲ. ಹಾಗಾಗಿ ಮಾಮೂಲಿ ಮೀಟರ್ ಮಾತ್ರ ಇದ್ದರೆ ಕಂಡೆನ್ಸರಿಗೆ ನಂಬಬಹುದಾದ ಪರೀಕ್ಷೆ ಬದಲಾಯಿಸಿ ನೋಡುವುದು.

ಅಂಗಡಿಯ ಡಬ್ಬಿಯಲ್ಲಿ ದಶಕಗಟ್ಟಲೆ ಕೂತ ‘ಹೊಸ’ ಕಂಡೆನ್ಸರೂ ಹಳೆಯದೇ. ಹಾಕಿದ್ದು 0.22 ಮೈಕ್ರೋಫ್ಯಾರಡ್, 630 ವೋಲ್ಟಿನ ಪಾಲಿಪ್ರೊಪಿಲೀನ್ ಫಿಲ್ಮ್ ಕೆಪ್ಯಾಸಿಟರ್, ಎಲೆಕ್ಟ್ರಾನಿಕ್ಸ್ ಅಂಗಡಿಯದು. ಒಂದು ಕಾಲು ಪಾಯಿಂಟಿನ ವೈರು ಬರುವ ಕಾಯಿಲ್ ಟರ್ಮಿನಲ್ಲಿಗೆ, ಇನ್ನೊಂದು ಅರ್ತಿಗೆ. ಕ್ರ್ಯಾಂಕ್‌ಕೇಸಿನ ಬಿಸಿಯಿಂದ ದೂರ, ಕಾಯಿಲ್ ಪಕ್ಕದಲ್ಲೇ ಕಟ್ಟಿದೆ. ಹಳೆಯದನ್ನು ಬಿಚ್ಚಿಹಾಕಲೇಬೇಕು, ಜೊತೆಗೆ ಬಿಟ್ಟರೆ ಸೋರಿಕೆ ಹಾಗೇ ಉಳಿಯುತ್ತದೆ.

ಪಾಯಿಂಟಿನ ಒಂದು ಮುಖದಲ್ಲಿ ಗುಳಿ, ಎದುರಿಗೆ ಗುಬ್ಬಿ. ಫೈಲಿನಲ್ಲಿ ಮಟ್ಟ ಮಾಡಿ, ಪೆಟ್ರೋಲಿನಲ್ಲಿ ಒರೆಸಿ, ಗ್ಯಾಪ್ 0.4 ಮಿಮೀ. ಗ್ಯಾಪ್ ಮೊದಲು, ಟೈಮಿಂಗ್ (ಕಿಡಿ ಹಾರುವ ಗಳಿಗೆ) ಆಮೇಲೆ: ಗ್ಯಾಪ್ ಹೆಚ್ಚಿದರೆ ಪಾಯಿಂಟ್ ಬೇಗ ಬಿಡುತ್ತದೆ, ಕಿಡಿಯೂ ತಾನಾಗಿ ಬೇಗ ಹಾರುತ್ತದೆ. ಪಾಯಿಂಟಿಗೂ ಅರ್ತಿಗೂ ನಡುವೆ 6 ವೋಲ್ಟ್ 3 ವ್ಯಾಟ್ ಬಲ್ಬು, ಪ್ಲಗ್ ತೂತಿನಲ್ಲಿ ವರ್ನಿಯರಿನ ಕಡ್ಡಿ. ಪಿಸ್ಟನ್ ತುದಿ ಮುಟ್ಟಲು 3 ಮಿಮೀ ಇರುವಾಗ ಪಾಯಿಂಟ್ ಬಿಟ್ಟು ಬಲ್ಬು ಹತ್ತುವಂತೆ, ಪಾಯಿಂಟ್ ಕೂತಿರುವ ಪ್ಲೇಟ್ ತಿರುಗಿಸಿ ಬಿಗಿ ಮಾಡಿದೆ. ಎಂಜಿನ್ ತಿರುಗುವ ದಿಕ್ಕಿನಲ್ಲೇ ಆ ಗುರುತಿಗೆ ಬರಬೇಕು, ಹಿಂದಕ್ಕೆ ತಿರುಗಿಸಿ ನಿಲ್ಲಿಸಿದರೆ ಲೆಕ್ಕ ತಪ್ಪುತ್ತದೆ. ಕ್ಯಾಮಿನ ಫೆಲ್ಟಿಗೆ ಚಿಟಿಕೆ ಗ್ರೀಸ್. ಅದು ಒಣಗಿದರೆ ಪಾಯಿಂಟಿನ ಹಿಮ್ಮಡಿ ಸವೆದು ಗ್ಯಾಪ್ ಮುಚ್ಚಿಕೊಳ್ಳುತ್ತದೆ.

ಈಗ

ದುರ್ಗದ ಏರು ಎರಡು ಸಲ ಹತ್ತಿಳಿದಾಯಿತು, ಎರಡನೆಯದು ಮಧ್ಯಾಹ್ನದ ಬಿಸಿಲಲ್ಲಿ, ಹಿಂದೊಬ್ಬರನ್ನು ಕೂರಿಸಿಕೊಂಡು. ಮಿಸ್ಸಿಂಗ್ ಇಲ್ಲ. ಪಾಯಿಂಟಿನ ಬಾಯಿ ಶುಭ್ರ, ಗ್ಯಾಪ್ 0.38.

ಆದರೆ ಪ್ಲೇಟಿನ ಕೆಳಗೆ ತೆಳುವಾಗಿ ಆಯಿಲ್ ಜಿಡ್ಡು ಕಾಣಿಸಿದೆ. ಡೈನಮೋ ಕಡೆಯ ಕ್ರ್ಯಾಂಕ್ ಸೀಲ್ ಸವೆದಿರಬೇಕು. ಜಿಡ್ಡು ಪಾಯಿಂಟಿಗೆ ಹತ್ತಿದರೆ ಸುಡುತ್ತದೆ. ಸೀಲಿನಿಂದ ಗಾಳಿ ಒಳಗೆಳೆದರೆ ಮಿಶ್ರಣ ತೆಳ್ಳಗಾಗಿ, ಕರೆಂಟಿನ ತಪ್ಪೇನೋ ಅನ್ನಿಸುವಂಥದೇ ಮಿಸ್ಸಿಂಗ್ ಬರುತ್ತದೆ. ಮುಂದಿನ ವಾರ ಡೈನಮೋದ ಆರ್ಮೇಚರ್ (ಒಳಗೆ ತಿರುಗುವ ಭಾಗ) ಬಿಚ್ಚಿ ಸೀಲ್ ಬದಲಾಯಿಸುವುದು.