ಗೋಮುಖಕ್ಕೆ ಹೋಗುವುದಾದರೆ ಬೆಳಿಗ್ಗೆ ಬೇಗ ಹೊರಡಿ

ಗಂಗೋತ್ರಿಯಿಂದ ಗೋಮುಖಕ್ಕೆ, ಅಂದರೆ ಭಾಗೀರಥಿ ನದಿ ಹುಟ್ಟುವ ಹಿಮನದಿಯ ತುದಿಗೆ, ಹೆಚ್ಚುಕಮ್ಮಿ 18 ಕಿ.ಮೀ. ನಡಿಗೆ. ರಾಷ್ಟ್ರೀಯ ಉದ್ಯಾನದೊಳಗೆ ದಿನಕ್ಕೆ 150 ಜನರನ್ನಷ್ಟೇ ಬಿಡುತ್ತಾರೆ, ಪರವಾನಗಿ ಮೊದಲೇ ಮಾಡಿಸಿಕೊಳ್ಳಿ. ಮೇ-ಜೂನ್ ಇಲ್ಲವೇ ಸೆಪ್ಟೆಂಬರ್ ಸರಿ. ಮಳೆಗಾಲದಲ್ಲಿ ಗುಡ್ಡ ಕುಸಿಯುತ್ತದೆ, ಆ ಸಾಹಸ ಬೇಡ.

ಉತ್ತರಕಾಶಿಯಿಂದ ಬರುವಾಗ ಗಂಗನಾನಿಯಲ್ಲಿ ಅರ್ಧ ಗಂಟೆ ಇಳಿಯಿರಿ. ಅಲ್ಲಿ ಬಿಸಿನೀರಿನ ಬುಗ್ಗೆಯಿದೆ. ಕೆಳಗೆ ಭಾಗೀರಥಿಗೆ ಕಾಲಿಟ್ಟರೆ ಮರಗಟ್ಟುತ್ತದೆ, ಮೇಲೆ ಕುಂಡದಲ್ಲಿ ಹಬೆಯಾಡುತ್ತಿರುತ್ತದೆ. ಎರಡೂ ಮಳೆ, ಹಿಮದ ನೀರೇ. ಒಂದು ನೆಲದ ಮೇಲೆ ಓಡಿ ಬಂದದ್ದು. ಇನ್ನೊಂದು ಬಂಡೆಯ ಬಿರುಕುಗಳಲ್ಲಿ ಇಂಗಿ, ಆಳದ ಕಾವಿಗೆ ಕಾದು ಮೇಲೆದ್ದದ್ದು.

ಮೊದಲ ದಿನ ಭೋಜ್‌ಬಾಸಾದಲ್ಲಿ, ಅಂದರೆ 14 ಕಿ.ಮೀ.ಗೆ, ನಿಂತುಬಿಡಿ. ಸುಮಾರು 3,800 ಮೀಟರ್ ಎತ್ತರ, ನನಗಂತೂ ರಾತ್ರಿಯಿಡೀ ತಲೆ ಸಿಡಿಯಿತು. ಮರುದಿನ ಬೆಳಿಗ್ಗೆ ಏಳಕ್ಕೆ ಕಲ್ಲಿನಿಂದ ಕಲ್ಲಿಗೆ ಹಾರಿ, ಶೂ ಒದ್ದೆಯಾಗದಂತೆ ದಾಟಿದ ತೊರೆಯೊಂದು ಮಧ್ಯಾಹ್ನ ಎರಡಕ್ಕೆ ಮರಳುವಾಗ ಮೊಣಕಾಲು ಮುಟ್ಟುತ್ತಿತ್ತು. ಒಂದು ಹನಿ ಮಳೆಯಾಗಿರಲಿಲ್ಲ! ಮೇಲಿನ ಹಿಮ ಬಿಸಿಲಿಗೆ ಕರಗಿ ಇಳಿದಿತ್ತು, ಅಷ್ಟೇ. ಕಡಿದಾದ ಇಳಿಜಾರುಗಳಿಂದ ಕಲ್ಲು ಉರುಳುವುದೂ ಬಿಸಿಲೇರಿದ ಮೇಲೆ ಹೆಚ್ಚು: ರಾತ್ರಿ ಅವನ್ನು ಹಿಡಿದಿಟ್ಟಿದ್ದ ಮಂಜುಗಡ್ಡೆ ಸಡಿಲವಾಗುತ್ತದೆ.

ಗೋಮುಖದಲ್ಲಿ ಬೆಳ್ಳಗೆ ಹೊಳೆಯುವ ಹಿಮ ಹುಡುಕಿದರೆ ನಿರಾಸೆಯೇ. ಸುಮಾರು 30 ಕಿ.ಮೀ. ಉದ್ದದ ಹಿಮನದಿಯ ಮೂತಿ ಮಣ್ಣು, ಜಲ್ಲಿ ಮೆತ್ತಿಕೊಂಡು ಮಾಸಲಾಗಿದೆ. ತನ್ನ ಭಾರಕ್ಕೆ ತಾನೇ ಜಾರುವ ಹಿಮ ಅಡಿಯ ಬಂಡೆಯನ್ನು ಕಿತ್ತು, ಉಜ್ಜಿ, ಹೊತ್ತು ತಂದು ಇಲ್ಲಿ ಸುರಿಯುತ್ತದೆ. ಕೊನೆಯ ಎರಡು ಕಿ.ಮೀ. ನೀವು ಎಡವುತ್ತ ನಡೆಯುವುದು, ಹಿಂದೆ ಸರಿಯುತ್ತಿರುವ ಹಿಮನದಿ ಬಿಟ್ಟುಹೋದ ಆ ರಾಶಿಯ ಮೇಲೆಯೇ. ಗಟ್ಟಿ ಅಟ್ಟೆಯ ಶೂ ಬೇಕೇ ಬೇಕು. ಫೋಟೋಗೆಂದು ಮೂತಿಯ ಕೆಳಗೆ ಹೋಗಬೇಡಿ. ನಾವು ನೋಡುತ್ತಿದ್ದಂತೆ ಕೋಣೆಯಷ್ಟು ದೊಡ್ಡ ಗಡ್ಡೆ ಕಳಚಿ ಬಿತ್ತು.

ಕುಡಿಯಲು ನದಿಯ ನೀರು ತುಂಬಿಕೊಳ್ಳಬೇಡಿ. ನಾನು ತುಂಬಿದ ಬಾಟಲಿಯ ತಳದಲ್ಲಿ ಬೆಳಗಾಗುವಷ್ಟರಲ್ಲಿ ಬೆರಳಿಗೆ ವಿಭೂತಿಯಂತೆ ಹತ್ತುವ ಪುಡಿ ಕೂತಿತ್ತು, ಹಿಮ ಅರೆದ ಬಂಡೆಯ ಹಿಟ್ಟು. ದಾರಿಬದಿಯ ಒರತೆ ತಿಳಿಯಾಗಿರುತ್ತದೆ, ಮಣ್ಣಿನೊಳಗೆ ನಿಧಾನವಾಗಿ ಸೋಸಿ ಬರುವ ಅಂತರ್ಜಲವದು. ಆದರೂ ಕುದಿಸಿಯೇ ಕುಡಿಯಿರಿ, ಮೇಲ್ಗಡೆ ಹೇಸರಗತ್ತೆ ಓಡಾಡುವ ದಾರಿಯಿರಬಹುದು.